ಕಲ್ಲಿನ ರಥಕ್ಕೆ ಯಾವ ಕುರ್ಚಿ? ಪರದೆಯ ಮೇಲಿನ ಸ್ಟೀರಿಯೊ ಚಿತ್ರ ನೋಡಲು ಸರಿಯಾದ ಜಾಗ ಹುಡುಕುವ ಬಗೆ

ಹಂಪಿಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಸ್ಟೀರಿಯೊ ಚಿತ್ರವನ್ನು, ಅಂದರೆ ಎಡಗಣ್ಣಿಗೊಂದು ಬಲಗಣ್ಣಿಗೊಂದು ತೋರಿಸಿ ಆಳ ಕಾಣಿಸುವ ಜೋಡಿ ಚಿತ್ರವನ್ನು, ಮೊದಲ ಸಲ ಮನೆಮಂದಿಗೆಲ್ಲ ತೋರಿಸಿದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಪರದೆಗೆ ಒಂದೂವರೆ ಮೀಟರ್ ದೂರದಲ್ಲಿ, ಜಮಖಾನದ ಮೇಲೆ ಕುಳಿತಿದ್ದ ಅಣ್ಣನ ಮಗಳು, "ಚಿಕ್ಕಪ್ಪ, ರಥ ಯಾಕೆ ಇಷ್ಟು ಚಪ್ಪಟೆಯಾಗಿದೆ? ಕಣ್ಣೂ ನೋಯುತ್ತಿದೆ" ಎಂದಳು. ಆರು ಮೀಟರ್ ಹಿಂದೆ ಗೋಡೆಗೆ ಒರಗಿದ್ದ ಸೋದರಮಾವ, "ಚಪ್ಪಟೆ ಎಲ್ಲಿ? ರೈಲಿನ ಬೋಗಿಯ ಹಾಗೆ ಉದ್ದಕ್ಕೆ ಹೋಗಿದೆಯಲ್ಲ" ಎಂದರು. ಚಿತ್ರ ಒಂದೇ, ಪ್ರೊಜೆಕ್ಟರುಗಳು ಅವೇ, ಕನ್ನಡಕಗಳೂ ಒಂದೇ ಬಗೆಯವು. ಇಬ್ಬರೂ ಕಂಡದ್ದನ್ನೇ ಹೇಳಿದ್ದರು. ತಪ್ಪಾದದ್ದು ನಾನು ಕುರ್ಚಿ ಹಾಕಿದ ರೀತಿಯಲ್ಲಿ.

ಅಂದಿನಿಂದ ಪ್ರತಿ ಪ್ರದರ್ಶನಕ್ಕೂ ಮೊದಲು ಅಳತೆಯ ಟೇಪು ಹಿಡಿದು ಅರ್ಧ ಗಂಟೆ ಓಡಾಡುತ್ತೇನೆ. ಆ ಅರ್ಧ ಗಂಟೆಯಲ್ಲಿ ಏನು ಮಾಡಬೇಕು, ಏಕೆ ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಎರಡು ಪ್ರೊಜೆಕ್ಟರ್ ಮತ್ತು ಪೋಲರಾಯ್ಡ್ ಕನ್ನಡಕ ಬಳಸುವವರಿಗೂ, ಎಡ-ಬಲ ಕಣ್ಣುಗಳನ್ನು ಸರದಿಯಂತೆ ಮುಚ್ಚಿ ತೆರೆಯುವ ಶಟರ್ ಕನ್ನಡಕದ ಒಂದೇ ಪ್ರೊಜೆಕ್ಟರ್ ಇರುವವರಿಗೂ, ಬಿಳಿ ಗೋಡೆಯ ಮೇಲೆ ಕೆಂಪು-ನೀಲಿ ಕನ್ನಡಕದಿಂದ ನೋಡುವವರಿಗೂ ದೂರದ ಲೆಕ್ಕ ಒಂದೇ.

ಜಾಗಕ್ಕೆ ಇಷ್ಟು ಮಹತ್ವ ಏಕೆ

ಇಂಗ್ಲಿಷ್ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟೋನ್ 1838ರಲ್ಲಿ ಜೋಡಿ ಚಿತ್ರ ನೋಡುವ ತನ್ನ ಕನ್ನಡಿಗಳ ಉಪಕರಣ ಸ್ಟೀರಿಯೊಸ್ಕೋಪನ್ನು ಲೋಕಕ್ಕೆ ತೋರಿಸಿದಾಗ ಈ ತೊಂದರೆ ಇರಲಿಲ್ಲ. ಅದರಲ್ಲಿ ನೋಡುವವನ ಕಣ್ಣಿಗೆ ಒಂದೇ ಜಾಗ. ಚಿಕ್ಕಂದಿನಲ್ಲಿ ನಮ್ಮಲ್ಲಿ ಹಲವರು ಕಣ್ಣಿಗೆ ಒತ್ತಿ ಹಿಡಿದ ವ್ಯೂ-ಮಾಸ್ಟರ್‌ನಲ್ಲೂ ಹಾಗೆಯೇ. ಚಿತ್ರ ಪರದೆಗೆ ಬಂದಾಗ ಕಣ್ಣಿಗೆ ಅಲೆದಾಡಲು ಜಾಗ ಸಿಕ್ಕಿತು. 1858ರಲ್ಲಿ ಫ್ರಾನ್ಸಿನ ದಾಲ್ಮೇದಾ ಕೆಂಪು-ಹಸಿರು ಗಾಜುಗಳ ಮೂಲಕ ಜೋಡಿ ಚಿತ್ರಗಳನ್ನು ಪರದೆಯ ಮೇಲೆ ಬಿಡುವ ವಿಧಾನ ತಿಳಿಸಿದ. ಮುಂದೆ ಎಡ್ವಿನ್ ಲ್ಯಾಂಡ್ ರೂಪಿಸಿದ ಪೋಲರಾಯ್ಡ್ ಹಾಳೆಯಿಂದ ಬಣ್ಣ ಕೆಡದ ಪ್ರದರ್ಶನ ಸುಲಭವಾಯಿತು. ಆದರೆ ಪ್ರೇಕ್ಷಕ ಎಲ್ಲಿ ಕೂರಬೇಕು ಎಂಬುದನ್ನು ಈ ಯಾವ ಉಪಕರಣವೂ ತೀರ್ಮಾನಿಸುವುದಿಲ್ಲ. ಅದನ್ನು ತೀರ್ಮಾನಿಸುವುದು ಚಿತ್ರ ತೆಗೆದ ಲೆನ್ಸು.

ಒಳಗುಟ್ಟು ಇಷ್ಟೇ. ನೀವು ಹಿಂದಕ್ಕೆ ಸರಿದಂತೆ ಚಿತ್ರದೊಳಗಿನ ವಸ್ತುಗಳ ಅಗಲ ಮತ್ತು ಎತ್ತರ ಹಾಗೆಯೇ ಉಳಿಯುತ್ತವೆ, ಆಳ ಮಾತ್ರ ಹಿಗ್ಗುತ್ತದೆ. ಎರಡರಷ್ಟು ದೂರ ಹೋದರೆ ಆಳವೂ ಎರಡರಷ್ಟು. ಮುಂದಕ್ಕೆ ಬಂದರೆ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಕ್ಯಾಮೆರಾ ಯಾವ ಕೋನದಲ್ಲಿ ದೃಶ್ಯವನ್ನು ಕಂಡಿತೋ ಅದೇ ಕೋನದಲ್ಲಿ ಪರದೆಯ ಚಿತ್ರ ನಮ್ಮ ಕಣ್ಣಿಗೆ ಬೀಳುವ ದೂರ ಒಂದೇ ಒಂದು. ಅಲ್ಲಿ ಚಕ್ರ ಚಕ್ರವಾಗಿ, ಆನೆ ಆನೆಯಾಗಿ ಕಾಣುತ್ತದೆ. ಅದನ್ನು ಇಲ್ಲಿ 'ನಿಜದೂರ' ಎನ್ನುತ್ತೇನೆ.

ಮೊದಲು ಪರದೆ, ಆಮೇಲೆ ಕುರ್ಚಿ

ಎಡ ಮತ್ತು ಬಲ ಚಿತ್ರಗಳು ಮೇಲೆ-ಕೆಳಗೆ ತಪ್ಪಿದ್ದರೆ ಹಾಲಿನ ಯಾವ ಮೂಲೆಯಲ್ಲಿ ಕುಳಿತರೂ ಸುಖವಿಲ್ಲ. ಒಂದು ಕಣ್ಣು ಮೇಲಕ್ಕೆ, ಇನ್ನೊಂದು ಕೆಳಕ್ಕೆ ತಿರುಗುವುದು ನಮಗೆ ಸ್ವಾಭಾವಿಕವಲ್ಲ. ಎರಡು ಪ್ರೊಜೆಕ್ಟರ್ ಇದ್ದರೆ ಚೌಕುಳಿ ಗೆರೆಗಳ ಚಿತ್ರವೊಂದನ್ನು ಎರಡರಿಂದಲೂ ಬಿಟ್ಟು, ಅಡ್ಡಗೆರೆಗಳು ನಾಲ್ಕೂ ಮೂಲೆಗಳಲ್ಲಿ ಒಂದರ ಮೇಲೊಂದು ಕೂರುವಂತೆ ಮಾಡಿ. ಪ್ರೊಜೆಕ್ಟರನ್ನು ಓರೆ ಮಾಡಿ ಸರಿಪಡಿಸಲು ಹೋಗಬೇಡಿ. ಓರೆ ಮಾಡಿದರೆ ಚಿತ್ರ ಒಂದು ಕಡೆ ಅಗಲವಾಗಿ, ಮೂಲೆಗಳು ಮತ್ತೆ ತಪ್ಪುತ್ತವೆ. ಒಂದರ ಮೇಲೊಂದನ್ನು ಸಮತಟ್ಟಾಗಿ ಇಟ್ಟು, ಲೆನ್ಸನ್ನೇ ಸರಿಸುವ ಸೌಲಭ್ಯವಿದ್ದರೆ ಅದನ್ನು ಬಳಸಿ.

ಪೋಲರಾಯ್ಡ್ ವಿಧಾನಕ್ಕೆ ಬೆಳ್ಳಿಬಣ್ಣದ ಲೋಹಲೇಪಿತ ಪರದೆಯೇ ಬೇಕು. ಈ ವಿಧಾನ ಒಂದೊಂದು ಕಣ್ಣಿನ ಬೆಳಕಿನ ಅಲೆಗಳು ಒಂದೊಂದು ದಿಕ್ಕಿನಲ್ಲಿ ಮಾತ್ರ ಕಂಪಿಸುವಂತೆ ಮಾಡುತ್ತದೆ, ಇದೇ ಧ್ರುವೀಕರಣ. ಬಿಳಿ ಬಟ್ಟೆ ಅಥವಾ ಗೋಡೆ ಅದನ್ನು ಕಲಸಿಬಿಡುತ್ತದೆ, ಆಗ ಎರಡು ಕಣ್ಣಿಗೂ ಎರಡೂ ಚಿತ್ರ ಕಾಣುತ್ತವೆ. ಎಲ್‌ಸಿಡಿ ಪ್ರೊಜೆಕ್ಟರ್ ಕೊಳ್ಳುವವರಿಗೆ ಇನ್ನೊಂದು ಮಾತು: ಅವುಗಳಲ್ಲಿ ಹಲವು ಹಸಿರು ಬಣ್ಣವನ್ನು ಕೆಂಪು-ನೀಲಿಗಿಂತ ಬೇರೆ ದಿಕ್ಕಿನಲ್ಲಿ ಧ್ರುವೀಕರಿಸಿ ಹೊರಬಿಡುತ್ತವೆ. ಅದರ ಮುಂದೆ ಫಿಲ್ಟರ್ ಹಿಡಿದು, ಬಿಳಿ ಬಣ್ಣ ಬಿಳಿಯಾಗಿಯೇ ಉಳಿಯುತ್ತದೆಯೇ ಎಂದು ನೋಡಿದ ಮೇಲೆ ಕೊಳ್ಳಿ.

ನಿಜದೂರದ ಲೆಕ್ಕ

ಪರದೆಯ ಬಟ್ಟೆಯ ಅಗಲ ಬೇಡ, ಅದರ ಮೇಲೆ ಬಿದ್ದ ಚಿತ್ರದ ಅಗಲವನ್ನು ಟೇಪಿನಿಂದ ಅಳೆಯಿರಿ. ನಂತರ ಚಿತ್ರ ತೆಗೆದ ಫೋಕಲ್ ಲೆಂಗ್ತ್, ಅಂದರೆ ಸಂಗಮದೂರ, ಎಷ್ಟೆಂದು ನೋಡಿ. ಡಿಜಿಟಲ್ ಚಿತ್ರವಾದರೆ ಕಡತದ ವಿವರಗಳಲ್ಲಿ '35 ಎಂಎಂ ಫಿಲ್ಮಿಗೆ ಸಮಾನ' ಎಂಬ ಸಾಲಿನಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಆ ಫಿಲ್ಮಿನ ಚೌಕಟ್ಟಿನ ಅಗಲ 36 ಮಿಲಿಮೀಟರ್. ಹೀಗಾಗಿ ಚಿತ್ರದ ಅಗಲವನ್ನು ಸಮಾನ ಫೋಕಲ್ ಲೆಂಗ್ತ್‌ನಿಂದ ಗುಣಿಸಿ, 36ರಿಂದ ಭಾಗಿಸಿದರೆ ನಿಜದೂರ ಬರುತ್ತದೆ.

ನನ್ನ ಪರದೆಯ ಮೇಲಿನ ಚಿತ್ರದ ಅಗಲ 2.4 ಮೀಟರ್. ರಥದ ಚಿತ್ರ ತೆಗೆದದ್ದು 35 ಎಂಎಂಗೆ ಸಮಾನವಾದ ಲೆನ್ಸಿನಲ್ಲಿ. 2.4 ಗುಣಿಸು 35, ಭಾಗಿಸು 36: ಸುಮಾರು 2.3 ಮೀಟರ್. ಆ ಸಂಜೆ ಮಗು ಇದಕ್ಕಿಂತ ಬಹಳ ಮುಂದಿದ್ದಳು, ಮಾವ ಇದರ ಎರಡೂವರೆ ಪಟ್ಟು ಹಿಂದಿದ್ದರು. ಅವಳಿಗೆ ಚಪ್ಪಟೆ, ಅವರಿಗೆ ಬೋಗಿ.

ಅದೇ ಕ್ಯಾಮೆರಾದಲ್ಲಿ ಜೂಮ್ ಮಾಡಿ, 105 ಎಂಎಂಗೆ ಸಮಾನವಾಗಿ ರಥದ ಮುಂದಿನ ಆನೆಗಳನ್ನು ಮಾತ್ರ ತೆಗೆದಿದ್ದೇನೆ ಎನ್ನಿ. ಆಗ ನಿಜದೂರ 7 ಮೀಟರ್! ಮೂರು ಮೀಟರ್ ದೂರದಲ್ಲಿ ಕುಳಿತವರಿಗೆ ಆನೆಗಳು ರಟ್ಟಿನಲ್ಲಿ ಕತ್ತರಿಸಿ ಒಂದರ ಹಿಂದೊಂದು ನಿಲ್ಲಿಸಿದ ಹಾಗೆ ಕಾಣುತ್ತವೆ. ಜೂಮ್ ಮಾಡಿದ ಸ್ಟೀರಿಯೊ ಚಿತ್ರಗಳು ಜೀವ ಕಳೆದುಕೊಂಡಂತಿರುವುದಕ್ಕೆ ಕಾರಣ ಇದು. ಕಲ್ಲಿನ ದುಂಡುತನ ನೋಡಬೇಕೆಂದರೆ ಜೂಮ್ ಬಿಟ್ಟು ನಾಲ್ಕು ಹೆಜ್ಜೆ ಹತ್ತಿರ ಹೋಗಿ ತೆಗೆಯುವುದೇ ದಾರಿ.

ಮೊಬೈಲಿನಲ್ಲಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿ ಎರಡು ಚಿತ್ರ ತೆಗೆಯುವವರಿಗೆ ತೊಂದರೆ ಇದಕ್ಕೆ ವಿರುದ್ಧವಾದದ್ದು. ಮೊಬೈಲಿನ ಮುಖ್ಯ ಲೆನ್ಸು ಸಾಮಾನ್ಯವಾಗಿ 26 ಎಂಎಂ ಆಸುಪಾಸಿಗೆ ಸಮಾನ. ನನ್ನ ಪರದೆಗೆ ಅದರ ನಿಜದೂರ 1.7 ಮೀಟರ್ ಮಾತ್ರ. ಅಷ್ಟು ಹತ್ತಿರ ಒಬ್ಬಿಬ್ಬರು ಕೂರಬಹುದು, ಹತ್ತು ಜನ ಕೂರಲಾಗದು. ಇಲ್ಲಿ ಅಂಚು ಕತ್ತರಿಸುವುದು ಸಹಾಯಕ್ಕೆ ಬರುತ್ತದೆ. ಎರಡೂ ಚಿತ್ರಗಳ ಅಗಲದಲ್ಲಿ ನಡುವಿನ 60 ಪ್ರತಿಶತವನ್ನು ಮಾತ್ರ ಉಳಿಸಿಕೊಂಡು ಪೂರ್ತಿ ಪರದೆಗೆ ಬಿಟ್ಟರೆ, 1.7ನ್ನು 0.6ರಿಂದ ಭಾಗಿಸಬೇಕು: ನಿಜದೂರ ಸುಮಾರು 2.9 ಮೀಟರ್ ಆಗುತ್ತದೆ. ಚಿತ್ರ ಜೋಡಿಸುವ ತಂತ್ರಾಂಶಗಳು ತಾವಾಗಿಯೇ ಅಂಚು ಕತ್ತರಿಸುವುದುಂಟು, ಲೆಕ್ಕ ಹಾಕುವಾಗ ಅದನ್ನೂ ಮರೆಯಬೇಡಿ.

ಹಳೆಯ ಸ್ಲೈಡುಗಳು ಇರುವ ಮನೆಗಳೂ ಇವೆ. 1947ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಸ್ಟೀರಿಯೊ ರಿಯಲಿಸ್ಟ್ ಕ್ಯಾಮೆರಾದ ಲೆನ್ಸುಗಳದು 35 ಎಂಎಂ ಫೋಕಲ್ ಲೆಂಗ್ತ್, ಆದರೆ ಅದರ ಸ್ಲೈಡಿನ ಚೌಕಟ್ಟಿನೊಳಗೆ ಕಾಣುವ ಚಿತ್ರದ ಅಗಲ ಸುಮಾರು 21 ಮಿಲಿಮೀಟರ್ ಮಾತ್ರ. ಇಲ್ಲಿ 36ರ ಬದಲು 21ರಿಂದ ಭಾಗಿಸಬೇಕು. ಅದೇ ಪರದೆಗೆ ನಿಜದೂರ 4 ಮೀಟರ್.

ಕಣ್ಣು ನೋಯದ ಕನಿಷ್ಠ ದೂರ

ಈ ಹೆಜ್ಜೆಯನ್ನು ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಆಳ ಸ್ವಲ್ಪ ಹಿಗ್ಗಿದರೂ ಕುಗ್ಗಿದರೂ ಮನಸ್ಸು ಹೊಂದಿಕೊಳ್ಳುತ್ತದೆ. ಕಣ್ಣು ನೋಯಿಸಿಕೊಂಡವರು ಮತ್ತೊಮ್ಮೆ ನೋಡಲು ಬರುವುದಿಲ್ಲ.

ಕನ್ನಡಕ ತೆಗೆದು ಪರದೆಯ ಹತ್ತಿರ ಹೋಗಿ. ಚಿತ್ರದಲ್ಲಿ ಅತಿ ದೂರದ ವಸ್ತುವನ್ನು ಹುಡುಕಿ. ನನ್ನ ಚಿತ್ರದಲ್ಲಿ ಅದು ರಥದ ಹಿಂದಿನ ಬೆಟ್ಟದ ಗೆರೆ. ಅದು ಪರದೆಯ ಮೇಲೆ ಎರಡಾಗಿ ಕಾಣುತ್ತದೆ, ಎಡಗಣ್ಣಿನದೊಂದು, ಬಲಗಣ್ಣಿನದೊಂದು. ಅವೆರಡರ ನಡುವಿನ ಅಂತರವನ್ನು ಸ್ಕೇಲಿನಿಂದ ಮಿಲಿಮೀಟರ್‌ಗಳಲ್ಲಿ ಅಳೆಯಿರಿ. ಬಲಗಣ್ಣಿನ ಚಿತ್ರ ಬಲಕ್ಕೇ ಇದೆಯೇ ಎಂಬುದನ್ನೂ ನೋಡಿಕೊಳ್ಳಿ, ಅದಲುಬದಲಾಗಿದ್ದರೆ ದೂರದ್ದು ಹತ್ತಿರ, ಹತ್ತಿರದ್ದು ದೂರವಾಗುತ್ತದೆ.

ವಯಸ್ಕರ ಎರಡು ಕಣ್ಣುಗಳ ನಡುವಿನ ಅಂತರ ಸರಾಸರಿ 63ರಿಂದ 65 ಮಿಲಿಮೀಟರ್. ದಿಗಂತವನ್ನು ನೋಡುವಾಗ ಎರಡೂ ಕಣ್ಣುಗಳ ನೋಟ ಸಮಾನಾಂತರವಾಗಿರುತ್ತದೆ. ನೀವು ಅಳೆದ ಅಂತರ 65 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. ಹೆಚ್ಚಿದ್ದರೆ, ಎಂದೂ ಮಾಡದ ಕೆಲಸವನ್ನು ಕಣ್ಣುಗಳು ಮಾಡಬೇಕಾಗುತ್ತದೆ, ಪರಸ್ಪರ ಹೊರಕ್ಕೆ ತಿರುಗಬೇಕಾಗುತ್ತದೆ. ಒಟ್ಟು ಒಂದು ಡಿಗ್ರಿಯಷ್ಟನ್ನು ಹೆಚ್ಚಿನವರು ಸಹಿಸುತ್ತಾರೆ. ಹಿಂದೆ ಸರಿದಷ್ಟೂ ಈ ಡಿಗ್ರಿ ಕಡಿಮೆಯಾಗುತ್ತದೆ. ಬಾಯಿಲೆಕ್ಕ ಸುಲಭ: ಅಳೆದ ಅಂತರದಿಂದ 65 ಕಳೆದು, ಉಳಿದದ್ದನ್ನು 60ರಿಂದ ಗುಣಿಸಿದರೆ ಕನಿಷ್ಠ ದೂರ ಮಿಲಿಮೀಟರ್‌ಗಳಲ್ಲಿ ಬರುತ್ತದೆ. ಒಂದು ಗಂಟೆಯ ಪ್ರದರ್ಶನವಾದರೆ 60ರ ಬದಲು 120ರಿಂದ ಗುಣಿಸಿ, ಅದು ಅರ್ಧ ಡಿಗ್ರಿಯ ಲೆಕ್ಕ.

ರಥದ ಚಿತ್ರದಲ್ಲಿ ನನಗೆ ಸಿಕ್ಕ ಅಂತರ 97 ಮಿಲಿಮೀಟರ್. ಕೆಳಗಿನ ಅಂಚಿನಲ್ಲಿ, ಕ್ಯಾಮೆರಾಕ್ಕೆ ಎರಡು ಮೀಟರ್‌ಗಿಂತ ಹತ್ತಿರ, ಒಂದು ಕಲ್ಲು ಸೇರಿಕೊಂಡಿದ್ದರ ಫಲ ಅದು: ಆ ಕಲ್ಲು ಪರದೆಯ ಮಟ್ಟದಲ್ಲಿ ಕಾಣುವಂತೆ ಜೋಡಿಸಿದಾಗ ಬೆಟ್ಟದ ಜೋಡಿ ಗೆರೆಗಳು ಅಷ್ಟು ದೂರ ಸರಿಯುತ್ತವೆ. 97ರಲ್ಲಿ 65 ಹೋದರೆ 32. ಅರವತ್ತರಿಂದ ಗುಣಿಸಿದರೆ 1.9 ಮೀಟರ್. ಆದರೆ ಚಿಕ್ಕ ಮಕ್ಕಳ ಕಣ್ಣುಗಳ ಅಂತರ 52 ಮಿಲಿಮೀಟರ್ ಆಸುಪಾಸಿನಲ್ಲಿರುತ್ತದೆ, ಅವರಿಗೆ ಹೆಚ್ಚುವರಿ 45, ಕನಿಷ್ಠ ದೂರ 2.7 ಮೀಟರ್. ಅಣ್ಣನ ಮಗಳನ್ನು ನಾನು ಒಂದೂವರೆ ಮೀಟರಿನಲ್ಲಿ ಕೂರಿಸಿದ್ದೆ. ಮಕ್ಕಳನ್ನು ಪ್ರೀತಿಯಿಂದ ಮುಂದೆ ಕೂರಿಸುವ ನಮ್ಮ ರೂಢಿ ಈ ಚಿತ್ರಗಳ ಮಟ್ಟಿಗೆ ಅವರಿಗೇ ಹಿಂಸೆ. ಅವರು ಎರಡನೆಯ ಸಾಲಿನಲ್ಲಿರಲಿ, ಬೇಕಾದರೆ ಕುರ್ಚಿಗೆ ದಿಂಬು ಹಾಕಿ ಎತ್ತರಿಸಿ.

ಕುರ್ಚಿ ಸರಿಸಲು ಜಾಗವೇ ಇಲ್ಲದಿದ್ದರೆ ಚಿತ್ರಗಳನ್ನು ಸರಿಸಬಹುದು. ಸ್ಟೀರಿಯೊಫೋಟೊ ಮೇಕರ್ ಎಂಬ ಉಚಿತ ತಂತ್ರಾಂಶದಲ್ಲಿ ಎಡ-ಬಲ ಚಿತ್ರಗಳನ್ನು ಒಂದಕ್ಕೊಂದು ಹತ್ತಿರ ತಂದು, ದೂರದ ಬೆಟ್ಟದ ಅಂತರವನ್ನು 65ಕ್ಕೆ ಇಳಿಸಿ. ಆಗ ಹತ್ತಿರದ ಕಲ್ಲು ಪರದೆಯಿಂದ ಆಚೆ, ನಮ್ಮ ಕಡೆಗೆ ಚಾಚಿಕೊಳ್ಳುತ್ತದೆ. ಅದು ಚೌಕಟ್ಟಿನ ಅಂಚನ್ನು ಮುಟ್ಟದಿದ್ದರೆ ಸೊಗಸು. ಮುಟ್ಟಿದ್ದರೆ, ಮುಂದಿರುವ ವಸ್ತುವನ್ನು ಹಿಂದಿರುವ ಅಂಚು ಕತ್ತರಿಸಿದಂತಾಗಿ ನೋಟ ಕದಡುತ್ತದೆ. ನಾನು ಆ ಕಲ್ಲನ್ನೇ ಕತ್ತರಿಸಿ ತೆಗೆದೆ, ರಥಕ್ಕೇನೂ ನಷ್ಟವಾಗಲಿಲ್ಲ.

ಕೇರಂ ಬೋರ್ಡಿನ ಪರೀಕ್ಷೆ

ಲೆಕ್ಕವನ್ನು ಕಣ್ಣಿನಿಂದ ಒರೆಗೆ ಹಚ್ಚಬೇಕು. ಚೌಕಾಕಾರವೆಂದು ಎಲ್ಲರಿಗೂ ಖಚಿತವಾಗಿ ಗೊತ್ತಿರುವ ವಸ್ತು ಬೇಕು, ನಮ್ಮ ಮನೆಗಳಲ್ಲಿ ಕೇರಂ ಬೋರ್ಡಿಗಿಂತ ಒಳ್ಳೆಯದು ಯಾವುದಿದೆ? ಅದನ್ನು ನೆಲದ ಮೇಲೆ ಇಟ್ಟು, ಸುಮಾರು ಮೂರು ಮೀಟರ್ ದೂರದಿಂದ, ಒಂದು ಬದಿ ನಿಮಗೆ ಎದುರಾಗಿರುವಂತೆ ಸ್ಟೀರಿಯೊ ಚಿತ್ರ ತೆಗೆಯಿರಿ. ಪ್ರದರ್ಶನದ ಚಿತ್ರಗಳಿಗೆ ಬಳಸಿದ ಫೋಕಲ್ ಲೆಂಗ್ತ್ ಇದಕ್ಕೂ ಇರಲಿ.

ಇದನ್ನು ಪರದೆಗೆ ಬಿಟ್ಟು, ಕನ್ನಡಕ ಹಾಕಿಕೊಂಡು, ಪರದೆಯ ನಡುವಿನ ನೇರಕ್ಕೆ ಹಿಂದೆ ಮುಂದೆ ನಿಧಾನವಾಗಿ ನಡೆಯಿರಿ. ಹತ್ತಿರ ಬಂದಾಗ ಬೋರ್ಡು ಅಡ್ಡಕ್ಕೆ ಅಗಲವಾದ ಮಣೆಯಂತೆ, ದೂರ ಹೋದಾಗ ಉದ್ದನೆಯ ಬಾಗಿಲಿನ ಹಲಗೆಯಂತೆ ಕಾಣುತ್ತದೆ. ನಡುವೆ ಎಲ್ಲೋ ಒಂದು ಕಡೆ ಅದು ಕೇರಂ ಬೋರ್ಡೇ ಆಗಿಬಿಡುತ್ತದೆ. ಅಲ್ಲಿ ನಿಂತು ನೆಲಕ್ಕೆ ಟೇಪಿನ ಗುರುತು ಹಾಕಿ. ಮೂರು ಸಲ ಮಾಡಿ, ಇನ್ನೊಬ್ಬರಿಂದಲೂ ಮಾಡಿಸಿ. ಮೆದುಳು ಆಕಾರವನ್ನು ತಾನೇ ತಿದ್ದಿಕೊಳ್ಳಲು ನೋಡುವುದರಿಂದ ಗುರುತುಗಳು ಒಂದೇ ಕಡೆ ಬೀಳುವುದಿಲ್ಲ. ಲೆಕ್ಕಕ್ಕಿಂತ ಅರ್ಧ ಮೀಟರ್ ಆಚೀಚೆ ಬಂದರೆ ಗಾಬರಿ ಬೇಡ. ಅಂಥ ಕಡೆ ನಾನು ಕಣ್ಣನ್ನೇ ನಂಬುತ್ತೇನೆ.

ನಿಜದೂರ ಮತ್ತು ಕನಿಷ್ಠ ದೂರ ಎರಡರಲ್ಲಿ ಯಾವುದು ದೊಡ್ಡದೋ ಅಲ್ಲಿಂದ ಮೊದಲ ಸಾಲು ಶುರುವಾಗಲಿ. ನಿಜದೂರದ ಒಂದೂವರೆ ಪಟ್ಟಿನವರೆಗೆ ಚಿತ್ರ ಬಹಳ ಚೆನ್ನಾಗಿರುತ್ತದೆ. ಸ್ವಲ್ಪ ಹಿಗ್ಗಿದ ಆಳ ನನಗಂತೂ ಕುಗ್ಗಿದ ಆಳಕ್ಕಿಂತ ಹಿತ. ಎರಡು ಪಟ್ಟಿನಾಚೆ ಕುರ್ಚಿ ಹಾಕಬೇಡಿ. ನನ್ನ ಹಾಲಿನಲ್ಲಿ ಹೀಗೆ 2.7ರಿಂದ 4.6 ಮೀಟರ್‌ವರೆಗೆ ಮೂರು ಸಾಲು ಹಿಡಿಸುತ್ತವೆ, ಮೊದಲ ಸಾಲಿನ ನಡುವಿನ ಕುರ್ಚಿಯೇ ಅತ್ಯುತ್ತಮ.

ಎಷ್ಟು ಬದಿಗೆ, ಎಷ್ಟು ಎತ್ತರಕ್ಕೆ

ಬದಿಗೆ ಸರಿದರೆ ಆಳ ಹಿಗ್ಗುವುದಿಲ್ಲ, ಇಡೀ ದೃಶ್ಯ ಓರೆಯಾಗುತ್ತದೆ. ಪರದೆಯಿಂದ ಮುಂದಕ್ಕಿರುವ ವಸ್ತು ನೀವು ಸರಿದ ಕಡೆಗೇ ಬರುತ್ತದೆ, ಹಿಂದಿನದು ಎದುರು ದಿಕ್ಕಿಗೆ ಜಾರುತ್ತದೆ. ನಡುವಿನಿಂದ ನೇರವಾಗಿ ತೆಗೆದ ದೇವಸ್ಥಾನದ ಪ್ರಾಕಾರ ಬದಿಯ ಕುರ್ಚಿಯಿಂದ ತಳ್ಳಿ ವಾಲಿಸಿದ ಪೆಟ್ಟಿಗೆಯಂತಿರುತ್ತದೆ. ಕಾಡು, ಹೂವು, ಜನರ ಮುಖಗಳಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ಕಂಬಗಳಿರುವ ಮಂಟಪದಲ್ಲಿ ಕೂಡಲೇ ಗೊತ್ತಾಗುತ್ತದೆ. ನಡುಗೆರೆಯಿಂದ ಎರಡೂ ಬದಿಗೆ 20 ಡಿಗ್ರಿಯೊಳಗೆ ಇರುವುದು ಕ್ಷೇಮ. ಮೂರು ಮೀಟರ್ ದೂರದಲ್ಲಿ ಅದು ಒಂದೊಂದು ಬದಿಗೆ ಒಂದು ಮೀಟರಿನಷ್ಟು, ಅಂದರೆ ಸಾಲಿಗೆ ನಾಲ್ಕೈದು ಕುರ್ಚಿ.

ಬೆಳ್ಳಿ ಪರದೆಯಾದರೆ ಬೆಳಕೂ ಬದಿಯವರಿಗೆ ಮೋಸ ಮಾಡುತ್ತದೆ. ಅದು ಅರ್ಧ ಕನ್ನಡಿಯಂತೆ ಬೆಳಕನ್ನು ಒಂದು ದಿಕ್ಕಿಗೆ ಹೆಚ್ಚಾಗಿ ಹಿಂತಿರುಗಿಸುತ್ತದೆ. ಪೂರ್ತಿ ಬಿಳಿ ಚಿತ್ರವನ್ನು ಬಿಟ್ಟು, ಮೊಬೈಲ್ ಕ್ಯಾಮೆರಾವನ್ನು ಪರದೆಯ ನಡುವಿಗೆ ಹಿಡಿದು ಬದಿಗೆ ನಡೆಯಿರಿ. ಶಟರ್ ವೇಗ ತೋರಿಸುವ ಕ್ಯಾಮೆರಾ ಆ್ಯಪ್ ಇದ್ದು, ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸಂವೇದನೆ, ಬದಲಾಗದಂತೆ ಹಿಡಿದಿಟ್ಟರೆ, ಕ್ಯಾಮೆರಾ ತೆಗೆದುಕೊಳ್ಳುವ ಸಮಯ ಎರಡರಷ್ಟಾದ ಜಾಗದಲ್ಲಿ ಬೆಳಕು ಅರ್ಧಕ್ಕೆ ಇಳಿದಿದೆ ಎಂದರ್ಥ. ಫಿಲ್ಟರ್ ಮತ್ತು ಕನ್ನಡಕ ಮೊದಲೇ ಬಹಳಷ್ಟು ಬೆಳಕನ್ನು ನುಂಗಿರುವಾಗ ಅದಕ್ಕಿಂತ ಆಚೆ ಯಾರನ್ನೂ ಕೂರಿಸಬಾರದು.

ಎತ್ತರದ ವಿಷಯವೂ ಬದಿಯ ವಿಷಯದಂತೆಯೇ. ಕಣ್ಣು ಚಿತ್ರದ ನಡುವಿನ ಮಟ್ಟದಲ್ಲಿರಬೇಕು. ಕುರ್ಚಿಯಲ್ಲಿ ಕುಳಿತವರ ಕಣ್ಣು ನೆಲದಿಂದ ಸುಮಾರು 1.2 ಮೀಟರ್, ಜಮಖಾನದ ಮೇಲೆ ಕುಳಿತವರದು ಮುಕ್ಕಾಲು ಮೀಟರಿನಷ್ಟು. ಪರದೆಯನ್ನು ಗೋಡೆಯ ಮೇಲ್ತುದಿಗೆ ನೇತುಹಾಕಿದರೆ ಚಿತ್ರದ ನೆಲ ಇಳಿಜಾರಾದಂತೆ ಕಾಣುತ್ತದೆ. ಮುಂದಿನವರ ತಲೆ ಅಡ್ಡ ಬರುವುದನ್ನು ತಪ್ಪಿಸಲು ಕುರ್ಚಿಗಳನ್ನು ಒಂದು ಬಿಟ್ಟು ಒಂದರ ಸಂದಿಗೆ ಹಾಕಿ, ಪರದೆಯನ್ನು ಮೇಲೇರಿಸಬೇಡಿ.

ತಲೆ ನೆಟ್ಟಗಿರಲಿ

ಸರಿಯಾದ ಕುರ್ಚಿಯಲ್ಲೂ ಕೆನ್ನೆಗೆ ಕೈ ಕೊಟ್ಟು ತಲೆ ವಾಲಿಸಿದರೆ ಎಲ್ಲವೂ ವ್ಯರ್ಥ. 45 ಡಿಗ್ರಿ ಓರೆಯ ಸಾಮಾನ್ಯ ಪೋಲರಾಯ್ಡ್ ಕನ್ನಡಕದಲ್ಲಿ ತಲೆ 5 ಡಿಗ್ರಿ ವಾಲಿದರೆ ಒಂದು ಕಣ್ಣಿನ ಚಿತ್ರ ಇನ್ನೊಂದಕ್ಕೆ ಸೋರುವುದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ, 10 ಡಿಗ್ರಿಗೆ ಮೂರು ಪಾಲು, 15ಕ್ಕೆ ಆರೂವರೆಗಿಂತ ಹೆಚ್ಚು. ರಾತ್ರಿಯ ದೀಪಗಳ ಚಿತ್ರದಲ್ಲಿ ಪ್ರತಿ ದೀಪದ ಪಕ್ಕ ಮಂಕು ನೆರಳು ಎದ್ದು ಕಾಣುವುದಕ್ಕೆ ಅಷ್ಟು ಸಾಕು. ಬೆಳಕಿನ ಕಂಪನ ಸುತ್ತುತ್ತಾ ಸಾಗುವ ವೃತ್ತೀಯ ಧ್ರುವೀಕರಣದ ಕನ್ನಡಕದಲ್ಲಿ ಈ ಸೋರಿಕೆ ಬಹಳ ಕಡಿಮೆ. ಆದರೂ ತಲೆ ವಾಲಿದರೆ ಕಣ್ಣುಗಳು ಮೇಲೆ-ಕೆಳಗೆ ತಿರುಗಬೇಕಾದ ಕಷ್ಟ ಯಾವ ಕನ್ನಡಕದಲ್ಲೂ ತಪ್ಪುವುದಿಲ್ಲ. ಬೆನ್ನಿಗೆ ಒರಗು ಇರುವ, ಕೈಯಿಡಲು ಹಿಡಿ ಇಲ್ಲದ ಕುರ್ಚಿಗಳನ್ನು ನಾನು ಬೇಕೆಂದೇ ಆರಿಸುತ್ತೇನೆ, ಅವುಗಳಲ್ಲಿ ಜನ ತಾವಾಗಿಯೇ ನೆಟ್ಟಗೆ ಕೂರುತ್ತಾರೆ.

ಯಾವ ಕುರ್ಚಿಯೂ ಸರಿಪಡಿಸಲಾಗದ ಚಿತ್ರಗಳೂ ಇವೆ. 253 ಮೀಟರ್ ಎತ್ತರದ ಜೋಗ ಜಲಪಾತವನ್ನು ಎದುರಿನಿಂದ, ಹತ್ತು ಮೀಟರ್ ಅಂತರದಲ್ಲಿಟ್ಟ ಎರಡು ಕ್ಯಾಮೆರಾಗಳಿಂದ ಒಟ್ಟಿಗೆ ತೆಗೆದರೆ ಆಳ ಅದ್ಭುತವಾಗಿ ಬರುತ್ತದೆ. ಆದರೆ ನೋಡುವವನ ಕಣ್ಣುಗಳ ನಡುವೆ ಹತ್ತು ಮೀಟರ್ ಇದ್ದಂತೆ ಆಯಿತಲ್ಲ, ಅದರ ಮುಂದೆ ಜೋಗ ಒಬ್ಬ ಮನುಷ್ಯನ ಎತ್ತರದ ಮಾದರಿಯಾಗಿಬಿಡುತ್ತದೆ. ಅಂಥವನ್ನು ಪ್ರದರ್ಶನದಲ್ಲಿ ಬೇರೆಯಾಗಿ ಇಟ್ಟು, ಅವು ಹಾಗೇಕೆ ಕಾಣುತ್ತವೆಂದು ಮೊದಲೇ ಹೇಳಿ ತೋರಿಸಿ.

ಉಳಿದ ಚಿತ್ರಗಳನ್ನು ಫೋಕಲ್ ಲೆಂಗ್ತ್ ಪ್ರಕಾರ ಎರಡು ಕಂತುಗಳಾಗಿ ವಿಂಗಡಿಸಿ. ಅಗಲ ನೋಟದವು ಮೊದಲು, ಜೂಮ್ ಮಾಡಿದವು ಆಮೇಲೆ. ನಡುವೆ ಕಾಫಿಗೆ ಹತ್ತು ನಿಮಿಷ ಬಿಡಿ. ಕಣ್ಣಿಗೂ ವಿಶ್ರಾಂತಿ, ಕುರ್ಚಿಗಳನ್ನು ಹಿಂದಕ್ಕೆ ಸರಿಸಲು ಸಮಯವೂ ಸಿಗುತ್ತದೆ. ಬದಿಯಲ್ಲಿದ್ದವರನ್ನು ಆಗ ನಡುವಿಗೆ ಕರೆಯಿರಿ. ನೆಲದ ಮೇಲಿನ ಟೇಪಿನ ಗುರುತುಗಳನ್ನು ಅಂದೇ ಕೀಳಬೇಡಿ, ಪರದೆಯನ್ನು ಮತ್ತೆ ಅಲ್ಲೇ ಕಟ್ಟಿದರೆ ಮುಂದಿನ ಸಲ ಅಳೆಯುವ ಕೆಲಸ ಉಳಿಯುತ್ತದೆ. ನಮ್ಮ ಮನೆಯಲ್ಲಿ ಅತ್ಯುತ್ತಮ ಕುರ್ಚಿಯ ಕೆಳಗಿನ ಟೇಪು ಕೆಂಪು ಬಣ್ಣದ್ದು. ಎರಡನೆಯ ಪ್ರದರ್ಶನದ ದಿನ ಆ ಕುರ್ಚಿಯಲ್ಲಿ ಮೊದಲು ಸೋದರಮಾವ, ಕಾಫಿಯ ನಂತರ ಅಣ್ಣನ ಮಗಳು ಕುಳಿತರು. ಇಬ್ಬರಿಗೂ ರಥ ಒಂದೇ ಆಕಾರದಲ್ಲಿ ಕಂಡಿತು.